ಹುಚ್ಚಾಸ್ಪತ್ರೆಯಲ್ಲಿ ಅಡಗಿದ್ದ ಸಿಫಿಲಿಸ್

19ನೇ ಶತಮಾನದ ಯುರೋಪಿನ ಹುಚ್ಚಾಸ್ಪತ್ರೆಗಳಲ್ಲಿ ಒಂದು ಬಗೆಯ ರೋಗಿಗಳು ಜಾಸ್ತಿ ಇದ್ದರು. ಹೆಚ್ಚಿನವರು ನಡುವಯಸ್ಸಿನ ಗಂಡಸರು. ಕೆಲವರಿಗೆ ತಾನೇ ರಾಜ ಎಂಬ ಭ್ರಮೆ. ಆಮೇಲೆ ಮಾತು ತೊದಲುತ್ತಿತ್ತು, ಮರೆವು ಬರುತ್ತಿತ್ತು, ಕೈಕಾಲು ಸೋಲುತ್ತಿದ್ದವು. ಕೆಲವೇ ವರ್ಷಗಳಲ್ಲಿ ಸಾವು. 1822ರಲ್ಲಿ ಫ್ರಾನ್ಸಿನ ಆಂತ್ವಾನ್ ಬೇಲ್ ಇದಕ್ಕೆ ಮೆದುಳಿನ ಪೊರೆಯ ಉರಿಯೂತವೇ ಮೂಲ ಎಂದರು. ಆ ಉರಿಯೂತ ಏಕೆ ಬರುತ್ತದೆ ಎಂಬುದಕ್ಕೆ ಉತ್ತರ ಇರಲಿಲ್ಲ.

ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗದ ಮೇಲೆ ಕೆಲವರಿಗೆ ಅನುಮಾನವಿತ್ತು. ಆದರೆ ಅದರ ಮೊದಲ ಲಕ್ಷಣವಾದ ಗುಪ್ತಾಂಗದ ಹುಣ್ಣು ತಾನಾಗಿಯೇ ಮಾಯವಾಗಿ ಹತ್ತಿಪ್ಪತ್ತು ವರ್ಷ ಕಳೆದಿರುತ್ತಿತ್ತು. ಎರಡಕ್ಕೂ ನಂಟು ಹಾಕುವುದು ಸುಲಭವೇ? 1905ರಲ್ಲಿ ಜರ್ಮನಿಯ ಶೌಡಿನ್ ಮತ್ತು ಹಾಫ್‌ಮನ್ ಸಿಫಿಲಿಸ್ ರೋಗಾಣುವನ್ನು ಕಂಡರು. ಮರುವರ್ಷ ಅದನ್ನು ಪತ್ತೆಹಚ್ಚುವ ವಾಸರ್‌ಮನ್ ರಕ್ತಪರೀಕ್ಷೆ ಬಂತು. 1913ರಲ್ಲಿ ನೊಗುಚಿ ಮತ್ತು ಮೂರ್ ಇಂಥ ರೋಗಿಗಳ ಮೆದುಳಿನಲ್ಲೇ ಆ ಸುರುಳಿ ಬ್ಯಾಕ್ಟೀರಿಯಾವನ್ನು ತೋರಿಸಿದರು. ವಾದ ಅಲ್ಲಿಗೆ ಮುಗಿಯಿತು.

ಮೆದುಳಿಗೆ ತಗುಲಿದ ಈ ರೋಗಕ್ಕೆ ಫಲ ಕೊಡುವ ಔಷಧ ಮಾತ್ರ ಸಿಗಲಿಲ್ಲ. 1917ರಲ್ಲಿ ವಿಯೆನ್ನಾದ ಮನೋವೈದ್ಯ ವಾಗ್ನರ್-ಯೌರೆಗ್ ವಿಚಿತ್ರ ದಾರಿ ಹಿಡಿದರು. ಮಲೇರಿಯಾ ಇದ್ದವರ ರಕ್ತವನ್ನು ರೋಗಿಗಳಿಗೆ ಚುಚ್ಚಿ, ಜ್ವರ ಏರಿಸಿ, ನಂತರ ಕ್ವಿನೈನ್ ಕೊಟ್ಟು ಇಳಿಸಿದರು. ಕೆಲವರು ಚೇತರಿಸಿಕೊಂಡರು, ಕೆಲವರು ಮಲೇರಿಯಾದಿಂದಲೇ ಸತ್ತರು. ಇವತ್ತು ಯಾವ ನೈತಿಕ ಸಮಿತಿಯೂ ಇದನ್ನು ಒಪ್ಪಲಿಕ್ಕಿಲ್ಲ. ಆಗ 1927ರ ನೊಬೆಲ್ ಸಿಕ್ಕಿತು! ಬೇರೆ ದಾರಿ ಇಲ್ಲದ ಕಾಲ ಅದು, ಅಲ್ವಾ? 1943ರಲ್ಲಿ ಸಿಫಿಲಿಸ್‌ಗೆ ಪೆನಿಸಿಲಿನ್ ಕೆಲಸ ಮಾಡುತ್ತದೆ ಎಂದು ಗೊತ್ತಾದ ಮೇಲೆ ಜ್ವರದ ಚಿಕಿತ್ಸೆ ನಿಧಾನವಾಗಿ ಮೂಲೆ ಸೇರಿತು.

ಮೆದುಳಿನ ತೊಂದರೆ ಸಿಫಿಲಿಸ್‌ನ ಕೊನೆಯ ಹಂತದ್ದು ಎಂಬ ಭಾವನೆ ಈಗಲೂ ಇದೆ. ಅದು ಪೂರ್ತಿ ನಿಜವಲ್ಲ. ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ರೋಗಾಣು ಮೆದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವ ಸೇರಬಲ್ಲದು. ಶುರುವಿನಲ್ಲೇ ಕಣ್ಣು ಮಂಜಾಗಬಹುದು, ಕಿವಿ ಮಂದವಾಗಬಹುದು, ಪಾರ್ಶ್ವವಾಯು ಹೊಡೆಯಬಹುದು. ಎಚ್‌ಐವಿ ಬಂದ ಮೇಲೆ ವೈದ್ಯರು ಈ ಬಗ್ಗೆ ಇನ್ನಷ್ಟು ಎಚ್ಚರವಾದರು. ಎಚ್‌ಐವಿಯೂ ಮೆದುಳನ್ನು ಕಾಡಬಲ್ಲ ಸೋಂಕು.

ರೋಗ ಮೆದುಳಿಗೆ ತಗುಲಿದರೆ ಚಿಕಿತ್ಸೆಯೂ ಬೇರೆ. ಶುರುವಿನ ಸಿಫಿಲಿಸ್‌ಗೆ ಸೊಂಟಕ್ಕೆ ಕೊಡುವ ಬೆಂಜಥಿನ್ ಪೆನಿಸಿಲಿನ್‌ನ ಒಂದು ಇಂಜೆಕ್ಷನ್ ಸಾಮಾನ್ಯವಾಗಿ ಸಾಕು. ಅದು ಮೆದುಳಿನ ದ್ರವಕ್ಕೆ ಬೇಕಾದಷ್ಟು ಇಳಿಯುವುದಿಲ್ಲ. ಹಾಗಾಗಿ ರಕ್ತನಾಳಕ್ಕೆ 10ರಿಂದ 14 ದಿನ ಪೆನಿಸಿಲಿನ್ ಹರಿಸಬೇಕು. ಬೆನ್ನಿನಿಂದ ತೆಗೆದ ದ್ರವದಲ್ಲಿ ಸಿಫಿಲಿಸ್ ಪತ್ತೆಹಚ್ಚುವ ವಿಡಿಆರ್‌ಎಲ್ ಪರೀಕ್ಷೆ ಪಾಸಿಟಿವ್ ಬಂದರೆ ಮೆದುಳಿಗೆ ರೋಗ ತಗುಲಿರುವುದು ಬಹುತೇಕ ಖಚಿತ. ನೆಗೆಟಿವ್ ಬಂದರೆ ಇಲ್ಲ ಎನ್ನುವ ಹಾಗಿಲ್ಲ.