ಹತ್ತುವಾಗ ತಗ್ಗು, ಓಡುವಾಗ ತಗ್ಗು: ಹಾಗಾದ್ರೆ ಎತ್ತರ ಯಾಕೆ?

ಗೆಳೆಯರೊಬ್ಬರು ದೊಡ್ಡ ಸ್ಪೋರ್ಟ್ಸ್ ಎಸ್‌ಯುವಿ ಕೊಂಡರು. ನೋಡೋಕೆ ಬನ್ನಿ ಅಂತ ಕರೆದರು. ನಾನು ಬಾಗಿಲಿಗೆ ಕೈ ಹಾಕುವ ಮೊದಲು ಅವರು ಒಂದು ಬಟನ್ ಒತ್ತಿದರು. ಉಸ್ ಅಂತ ಸಣ್ಣ ಸದ್ದು. ಗಾಡಿ ಆನೆ ಮಂಡಿಯೂರಿದ ಹಾಗೆ ನಿಧಾನವಾಗಿ ಕೆಳಗಿಳಿಯಿತು. ‘ಹತ್ತೋಕೆ ಸುಲಭ ಆಗ್ಲಿ ಅಂತ’ ಅಂದರು. ಹೆದ್ದಾರಿಯಲ್ಲಿ ವೇಗ ಏರಿದಾಗ ಮುಂದಿನ ಸ್ಕ್ರೀನ್ ಮೇಲೆ ಪುಟ್ಟ ಬಾಣದ ಗುರುತು ಮೂಡಿತು. ಗಾಡಿ ತಾನಾಗಿಯೇ ಮತ್ತೆ ತಗ್ಗುತ್ತಿತ್ತು. ಗಾಳಿಯ ಹೊಡೆತ ಕಡಿಮೆಯಾಗಲಿ, ತಿರುವಿನಲ್ಲಿ ವಾಲದಿರಲಿ ಅಂತ.

ಎತ್ತರ ಬೇಕು ಅಂತ ಕೊಂಡ ಗಾಡಿ ಹತ್ತುವಾಗಲೂ ತಗ್ಗಬೇಕು, ಓಡುವಾಗಲೂ ತಗ್ಗಬೇಕು. ತಮಾಷೆ ಅಲ್ವಾ? ಈ ತಮಾಷೆಗೆ ಎಪ್ಪತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ.

ಮೊದಮೊದಲು ಎತ್ತರಕ್ಕೆ ಕಾರಣವಿತ್ತು. ಎರಡನೇ ಮಹಾಯುದ್ಧದ ಜೀಪು ಹಳ್ಳ, ಕೆಸರು, ಕಲ್ಲು ದಾಟಬೇಕಿತ್ತು. ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತಮ್ಮ ಜಮೀನಿನಲ್ಲಿ ಹಳೇ ಸೈನ್ಯದ ಜೀಪು ಓಡಿಸುತ್ತಿದ್ದರು. ಅದನ್ನು ನೋಡಿಯೇ 1948ರ ಲ್ಯಾಂಡ್ ರೋವರ್ ಹುಟ್ಟಿತು. ಆಗ ಉಕ್ಕಿಗೆ ಬರ. ಅದಕ್ಕೇ ಮೈಯೆಲ್ಲ ಅಲ್ಯೂಮಿನಿಯಂ. ಅದು ರೈತನ ಗಾಡಿ, ಐಷಾರಾಮದ ಮಾತೇ ಇರಲಿಲ್ಲ.

1970ರಲ್ಲಿ ರೇಂಜ್ ರೋವರ್ ಬಂತು. ಈಗ ಆ ಹೆಸರು ಕೇಳಿದರೆ ಮೆತ್ತನೆಯ ಚರ್ಮದ ಸೀಟು ನೆನಪಾಗುತ್ತದೆ. ಮೊದಲ ಗಾಡಿಯ ಸೀಟು ವಿನೈಲ್, ನೆಲಕ್ಕೆ ರಬ್ಬರ್ ಹಾಸು. ಕೆಸರಾದರೆ ಒಳಗೇ ಪೈಪು ಹಿಡಿದು ತೊಳೆಯಬಹುದಿತ್ತು. ಹಿಂದಿನ ಸೀಟಿಗೆ ಬೇರೆ ಬಾಗಿಲೂ ಇರಲಿಲ್ಲ, ನಾಲ್ಕು ಬಾಗಿಲಿನದು ಬಂದದ್ದು 1981ರಲ್ಲಿ. ಆದರೆ ಉಕ್ಕಿನ ಪಟ್ಟಿ ಪೇರಿಸಿದ ಲೀಫ್ ಸ್ಪ್ರಿಂಗ್ ಬದಲು ಸುರುಳಿಯ ಕಾಯಿಲ್ ಸ್ಪ್ರಿಂಗ್ ಹಾಕಿದ್ದರಿಂದ ಓಡುವಾಗ ಕಾರಿನ ಹಾಗೇ ಹಿತವಾಗಿತ್ತು. ಹೊಲಕ್ಕೂ ಆಗುತ್ತೆ, ಸಂಜೆ ಊಟಕ್ಕೆ ಹೋಗೋಕೂ ಆಗುತ್ತೆ. ಐಷಾರಾಮಿ ಎಸ್‌ಯುವಿಯ ಬೀಜ ಬಿದ್ದದ್ದು ಅಲ್ಲಿ.

ಆದರೆ ಅದು ಹೆಮ್ಮರವಾದದ್ದು ಅಮೆರಿಕದ ಕಾನೂನಿನ ನೆರಳಲ್ಲಿ. ನನ್ನ ಪ್ರಕಾರ ಈ ಕಥೆಯಲ್ಲಿ ಎಂಜಿನಿಯರ್‌ಗಳಿಗಿಂತ ಗುಮಾಸ್ತರ ಪಾತ್ರವೇ ಜಾಸ್ತಿ. 1973ರ ತೈಲ ಬಿಕ್ಕಟ್ಟಾದ ಮೇಲೆ, 1975ರಲ್ಲಿ ಅಲ್ಲಿ ಮೈಲೇಜ್ ಕಾನೂನು ಬಂತು. ಕಂಪನಿ ಮಾರುವ ಕಾರುಗಳ ಸರಾಸರಿ ಮೈಲೇಜ್ ಇಷ್ಟಿರಲೇಬೇಕು ಅಂತ ಅದರ ನಿಯಮ. ‘ಲಘು ಟ್ರಕ್’ಗಳಿಗೆ ಮಾತ್ರ ಸಡಿಲ. ಟ್ರಕ್ ಅಂದ್ರೆ ರೈತರು, ಗಾರೆ ಕೆಲಸದವರು ಬಳಸೋದು, ಪಾಪ ಬಿಡಿ ಅನ್ನುವ ಲೆಕ್ಕ. 1990ರ ದಶಕದ ಕೊನೆಯಲ್ಲಿ ಕಾರು ಲೀಟರಿಗೆ ಸುಮಾರು 11.7 ಕಿ.ಮೀ. ಕೊಡಬೇಕಿದ್ದರೆ, ಲಘು ಟ್ರಕ್‌ಗೆ 8.8 ಸಾಕಿತ್ತು. ಎಸ್‌ಯುವಿಯನ್ನು ಟ್ರಕ್ ಎಂದು ಬರೆಸಿದರೆ ಆಯಿತು, ಆ ಸಡಿಲ ಅದಕ್ಕೂ ಸಿಗುತ್ತಿತ್ತು.

ತೆರಿಗೆಯಲ್ಲೂ ಹಾಗೇ. ತುಂಬಿದಾಗಿನ ತೂಕ 6,000 ಪೌಂಡ್, ಅಂದರೆ ಸುಮಾರು 2,700 ಕಿಲೋ ದಾಟುವ ಗಾಡಿಯನ್ನು ವ್ಯಾಪಾರಕ್ಕೆ ಅಂತ ಕೊಂಡರೆ ದೊಡ್ಡ ರಿಯಾಯಿತಿ. 2003ರಲ್ಲಿ ಅದರ ಮಿತಿ 1 ಲಕ್ಷ ಡಾಲರ್‌ಗೆ ಏರಿತು. ಟ್ರ್ಯಾಕ್ಟರು, ಟಿಪ್ಪರು ಕೊಳ್ಳುವವರಿಗಾಗಿ ಬರೆದ ನಿಯಮದಲ್ಲಿ ವಕೀಲರು, ಡಾಕ್ಟರುಗಳು ದುಬಾರಿ ಎಸ್‌ಯುವಿ ಕೊಳ್ಳುವ ಹಾಗಾಯಿತು. ಇದು ತೀರಾ ಎದ್ದು ಕಂಡು, ಮರುವರ್ಷವೇ ಎಸ್‌ಯುವಿಗಳಿಗೆ ಅದನ್ನು 25,000 ಡಾಲರ್‌ಗೆ ಇಳಿಸಿದರು.

ಕಂಪನಿಗಳಿಗೂ ಸುಗ್ಗಿ. ಪಿಕಪ್ ಟ್ರಕ್ಕಿನ ಚಾಸಿ, ಅಂದರೆ ಅಡಿಯ ಚೌಕಟ್ಟು, ಮೊದಲೇ ಇದೆ. ಮೇಲೊಂದು ಮುಚ್ಚಿದ ಮೈ, ಒಳಗೆ ಒಳ್ಳೇ ಸೀಟು, ಏಸಿ. ಖರ್ಚು ಟ್ರಕ್ಕಿನದು, ಬೆಲೆ ದೊಡ್ಡ ಕಾರಿನದು. ಫೋರ್ಡ್ ಎಕ್ಸ್‌ಪ್ಲೋರರ್ ಮಾಡಿದ್ದು ಇದೇ ರೀತಿ. ಅದು ಬಿಸಿ ದೋಸೆಯ ಹಾಗೆ ಖರ್ಚಾಯಿತು.

ಎತ್ತರದ ಬಡ್ಡಿ ಕಟ್ಟುವ ದಿನವೂ ಬಂತು. 2000ದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಂಡಿತು. ಅವುಗಳಲ್ಲಿ ಬಹಳಷ್ಟು ಎಕ್ಸ್‌ಪ್ಲೋರರ್‌ಗಳಲ್ಲಿದ್ದವು. ಓಡುವಾಗಲೇ ಟೈರಿನ ಪದರ ಕಿತ್ತು ಬರುತ್ತಿತ್ತು, ಗಾಡಿ ಪಲ್ಟಿ ಹೊಡೆಯುತ್ತಿತ್ತು. ಟೈರು ಕಿತ್ತುಹೋದರೆ ತಗ್ಗಿನ ಕಾರು ಸಾಮಾನ್ಯವಾಗಿ ಜಾರುತ್ತದೆ. ತೂಕ ಮೇಲಿರುವ ಗಾಡಿ ಉರುಳುವ ಸಾಧ್ಯತೆ ಜಾಸ್ತಿ.

ಇನ್ನು ‘ಸ್ಪೋರ್ಟ್ಸ್’ ಎಂಬ ಪದ. ಬಿಎಂಡಬ್ಲ್ಯೂ 1999ರಲ್ಲಿ ಎಕ್ಸ್5 ತಂದಾಗ ಇದು ರಸ್ತೆಗೆಂದೇ ಮಾಡಿದ್ದು ಎಂದು ಮುಚ್ಚುಮರೆ ಇಲ್ಲದೆ ಹೇಳಿತು. ಆದರೆ ನಿಜವಾಗಿ ಆಟ ಬದಲಾದದ್ದು ಪೋರ್ಷೆಯಿಂದ. 1990ರ ದಶಕದ ಆರಂಭದಲ್ಲಿ ಆ ಕಂಪನಿ ಮುಳುಗುವ ಹಂತದಲ್ಲಿತ್ತು. ಬಾಕ್ಸ್‌ಟರ್ ಕಾರು ಅದನ್ನು ಮೇಲೆತ್ತಿತು. ಆದರೂ ಎರಡೇ ಬಗೆಯ ಸ್ಪೋರ್ಟ್ಸ್ ಕಾರು ನಂಬಿ ಕೂರುವ ಹಾಗಿರಲಿಲ್ಲ. ಫೋಕ್ಸ್‌ವ್ಯಾಗನ್ ಜೊತೆ ಸೇರಿ 2002ರಲ್ಲಿ ಕಯೆನ್ ಎಂಬ ಎಸ್‌ಯುವಿ ತಂದರು. ಅಭಿಮಾನಿಗಳು ಹಣೆ ಚಚ್ಚಿಕೊಂಡರು. ಕೊಳ್ಳುವವರು ಸಾಲು ನಿಂತರು.

ಸ್ವಲ್ಪ ಹಿಂದೆ ಹೋಗಿ ಇನ್ನೊಂದು ಗಾಡಿ ನೋಡಿ. 1994ರಲ್ಲಿ ಇದೇ ಪೋರ್ಷೆ ಆಡಿಗಾಗಿ ಆರ್‌ಎಸ್2 ಅವಾಂಟ್ ಕಟ್ಟಿಕೊಟ್ಟಿತ್ತು. ನೆಲಕ್ಕಂಟಿದ ಎಸ್ಟೇಟ್ ಕಾರು, ದೊಡ್ಡ ಡಿಕ್ಕಿ, 315 ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಶಕ್ತಿ. ಸಂಸಾರ, ಸಾಮಾನು, ವೇಗ ಮೂರೂ ಒಂದರಲ್ಲೇ ಇದ್ದವು. ಮಾರಾಟವಾದದ್ದು ಮೂರು ಸಾವಿರದ ಒಳಗೆ. ಇಂಥದ್ದನ್ನು ಜನ ಕೊಂಡಿದ್ದರೆ ನಾನು ಈ ಲೇಖನ ಬರೆಯುತ್ತಲೇ ಇರಲಿಲ್ಲವೋ ಏನೋ.

ಆಮೇಲೆ ಎಲ್ಲರೂ ಬಂದರು. 2015ರಲ್ಲಿ ಬೆಂಟ್ಲಿ, 2018ರಲ್ಲಿ ರೋಲ್ಸ್ ರಾಯ್ಸ್, 2022ರಲ್ಲಿ ಫೆರಾರಿ ಕೂಡ. ಲ್ಯಾಂಬೋರ್ಗಿನಿ 2017ರಲ್ಲಿ ಒಟ್ಟು 3,815 ಕಾರು ಮಾರಿತ್ತು. ಆ ವರ್ಷದ ಕೊನೆಗೆ ಉರುಸ್ ಎಸ್‌ಯುವಿ ತೋರಿಸಿತು. 2019ರಲ್ಲಿ ಮಾರಾಟ 8,205. ಯಾವ ಲೆಕ್ಕಿಗ ತಾನೇ ಬೇಡ ಅಂತಾನೆ?

ಆ ಉರುಸ್‌ನ ಬ್ರೇಕು ನೋಡಿ. ಮುಂದಿನ ಡಿಸ್ಕ್ 440 ಮಿಲಿಮೀಟರ್ ಅಗಲ. ಸಾಮಾನ್ಯ ಕಾರಿನ 15, 16 ಇಂಚಿನ ರಿಮ್ ಇದಕ್ಕಿಂತ ಚಿಕ್ಕದು. ಅಷ್ಟು ದೊಡ್ಡದು ಯಾಕೆ ಬೇಕು? ಗಂಟೆಗೆ 100 ಕಿ.ಮೀ. ವೇಗದಲ್ಲಿರುವ 1,200 ಕಿಲೋ ಕಾರನ್ನು ನಿಲ್ಲಿಸಲು ಬ್ರೇಕು ಸುಮಾರು 4.6 ಲಕ್ಷ ಜೂಲ್ ಶಕ್ತಿಯನ್ನು ಬಿಸಿಯಾಗಿ ನುಂಗಬೇಕು. 2,200 ಕಿಲೋ ಗಾಡಿಗೆ ಸುಮಾರು 8.5 ಲಕ್ಷ. ಬ್ರೇಕು ದೊಡ್ಡದಾದರೆ ಚಕ್ರ ದೊಡ್ಡದಾಗಬೇಕು. ಚಕ್ರ 22, 23 ಇಂಚಾದರೆ ಟೈರಿನ ಪಕ್ಕದ ಗೋಡೆ ತೆಳ್ಳಗಾಗುತ್ತದೆ. ಗೆಳೆಯರ ಗಾಡಿಯಲ್ಲಿ ಅದು ನನ್ನ ನಾಲ್ಕು ಬೆರಳಷ್ಟೂ ಇರಲಿಲ್ಲ. ತೆಳು ಟೈರು ಗುಂಡಿಯ ಏಟನ್ನು ತಾಳುವುದಿಲ್ಲ, ಆ ಏಟು ಸೀಟಿಗೆ ಮುಟ್ಟದಿರಲು ಸ್ಪ್ರಿಂಗ್ ಬದಲು ಗಾಳಿ ತುಂಬಿದ ಏರ್ ಸಸ್ಪೆನ್ಷನ್. ಎತ್ತರದ ಗಾಡಿ ತಿರುವಿನಲ್ಲಿ ವಾಲುತ್ತದೆ, ವಾಲದಿರಲು ಎಡಬಲದ ಚಕ್ರಗಳನ್ನು ಬೆಸೆಯುವ ಸರಳು, ಅಂದರೆ ಮೋಟಾರು ಕೂರಿಸಿದ ಆಂಟಿ-ರೋಲ್ ಬಾರ್. ಇವೆಲ್ಲ ಸೇರಿ ತೂಕ ಮತ್ತೆ ಏರುತ್ತದೆ. ಒಂದು ಸುಳ್ಳು ಮುಚ್ಚೋಕೆ ಇನ್ನೊಂದು ಸುಳ್ಳು ಹೇಳಿದ ಹಾಗೆ. ಕಲ್ಲುದಾರಿಗೆ ಅಂತ ಎತ್ತರಿಸಿದ ಗಾಡಿಯ ಟೈರು ಕೊನೆಗೆ ಕಲ್ಲಿಗೇ ಹೆದರುತ್ತದೆ.

ಹಾಗಂತ ಎಲ್ಲವೂ ಸುಮ್ನೆ ಜಂಬ ಅಂತಲ್ಲ. ಸೀಟಿನ ಎತ್ತರ ನಿಜವಾದ ಸುಖ. ಮಂಡಿನೋವಿನವರಿಗೆ ತಗ್ಗಿನ ಕಾರಿನಿಂದ ಏಳುವುದು ಸಣ್ಣ ಯುದ್ಧ. ಸೊಂಟದ ಮಟ್ಟದ ಸೀಟಾದರೆ ಹಾಗೇ ಜಾರಿ ಕೂತರಾಯಿತು. ಭಾರದ ಟ್ರೇಲರ್ ಎಳೆಯುವವರಿಗೆ, ಹಿಮದ ದಾರಿಯವರಿಗೆ ಇಂಥ ಗಾಡಿ ಕೆಲಸಕ್ಕೆ ಬರುತ್ತದೆ. ಆದರೆ ಆ ಸೀಟಿನ ಎತ್ತರ ಸಾಧಾರಣ ಬೆಲೆಯ ಸಣ್ಣ ಕ್ರಾಸ್‌ಓವರ್‌ನಲ್ಲೂ, ಅಂದರೆ ಕಾರಿನ ತಳಹದಿಯ ಮೇಲೆ ಕಟ್ಟಿದ ಎತ್ತರದ ಗಾಡಿಯಲ್ಲೂ, ಸಿಗುತ್ತದೆ. ಟೊಯೋಟಾ ಆರ್‌ಎವಿ4 ಅದನ್ನು 1994ರಲ್ಲೇ ಕೊಟ್ಟಿತ್ತು. ದುಬಾರಿ ಗಾಡಿಯ 500 ಹಾರ್ಸ್‌ಪವರ್ ಮಂಡಿಗೇನೂ ಮಾಡುವುದಿಲ್ಲ. ದುಡ್ಡಿದೆ, ಇಷ್ಟ ಇದೆ ಅಂತ ಕೊಂಡರೆ ನನ್ನ ತಕರಾರಿಲ್ಲ. ಸುರಕ್ಷತೆಗೆ, ಅನುಕೂಲಕ್ಕೆ ಅಂತ ಮಾತ್ರ ಹೇಳಬಾರದು.

ಯಾಕಂದ್ರೆ ಆ ಸುರಕ್ಷತೆ ಒಳಗಿನವರದ್ದು. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾನೆಟ್ ಎತ್ತರ 40 ಇಂಚು ದಾಟಿದ ವಾಹನ ಪಾದಚಾರಿಗೆ ಗುದ್ದಿದರೆ, ತಗ್ಗಾದ ಇಳಿಜಾರು ಬಾನೆಟ್ಟಿನ ಕಾರಿಗೆ ಹೋಲಿಸಿದರೆ ಸಾವಿನ ಸಾಧ್ಯತೆ ಸುಮಾರು 45% ಜಾಸ್ತಿ ಎಂದು ಕಂಡುಬಂತು. ಪ್ಯಾರಿಸ್ ಜನ 2024ರಲ್ಲಿ ಮತ ಹಾಕಿ, ಹೊರಗಿನಿಂದ ಬರುವ ಭಾರೀ ಕಾರುಗಳ ಪಾರ್ಕಿಂಗ್ ಶುಲ್ಕವನ್ನು ಮೂರು ಪಟ್ಟು ಮಾಡಿಸಿದರು. ನಗರದ ನಡುವೆ ಗಂಟೆಗೆ 18 ಯೂರೋ.

ಈಗ ಬ್ಯಾಟರಿ ಕಾರುಗಳು ಬಂದು ಲೆಕ್ಕವನ್ನು ಕಲಕಿವೆ. ಬ್ಯಾಟರಿ ನೆಲದಡಿ ಕೂರುತ್ತದೆ, ಹಾಗಾಗಿ ನೆಲ ತಾನಾಗಿಯೇ ಮೇಲೇರುತ್ತದೆ. ಟೈಕನ್ ಎಂಬ ತಗ್ಗಿನ ಬ್ಯಾಟರಿ ಕಾರು ಮಾಡುವಾಗ ಪೋರ್ಷೆಯವರು ಹಿಂದೆ ಕೂತವರ ಪಾದಕ್ಕೆ ಜಾಗ ಮಾಡಲು ಬ್ಯಾಟರಿಯಲ್ಲೇ ಗುಳಿ ಬಿಡಬೇಕಾಯಿತು. ಎತ್ತರದ ಗಾಡಿಗೆ ಆ ಕಷ್ಟವಿಲ್ಲ. ಅಷ್ಟು ಭಾರ ಕೆಳಗೇ ಇರುವುದರಿಂದ ಉರುಳುವ ಭಯವೂ ಕಡಿಮೆ. ಎಷ್ಟೋ ವರ್ಷಗಳ ಮೇಲೆ ಎತ್ತರಕ್ಕೆ ಒಂದು ನೆಟ್ಟಗಿನ ಕಾರಣ ಸಿಕ್ಕಿದೆ. ಆದರೆ ಹೆದ್ದಾರಿಯಲ್ಲಿ ಗಾಳಿ ಸೀಳಲು ಬ್ಯಾಟರಿ ಬೇಗ ಕರಗುತ್ತದೆ. ಅದಕ್ಕೇ ಇವುಗಳಲ್ಲೂ ಹಲವು, ವೇಗ ಏರಿದ ಕೂಡಲೇ ಉಸ್ ಅಂತ ತಗ್ಗುತ್ತವೆ.