ಕಾಣುವ ಕನ್ನಡವೂ ಕೇಳಿಸುವ ಕನ್ನಡವೂ

ದೃಷ್ಟಿಯಿಲ್ಲದ ಗೆಳೆಯರೊಬ್ಬರು ಒಮ್ಮೆ ಫೋನ್ ಮಾಡಿ, ತಮಗೆ ಬೇಕಾಗಿದ್ದ ಸುತ್ತೋಲೆಯೊಂದು ಜಾಲತಾಣದಲ್ಲಿ ಸಿಕ್ಕಿದೆ, ಆದರೆ ಕಂಪ್ಯೂಟರ್ ಓದುತ್ತಿರುವುದು ಏನೆಂದು ತಿಳಿಯುತ್ತಿಲ್ಲ, ತೆರೆದು ನೋಡಿ ಎಂದರು. ತೆರೆದೆ. ನನ್ನ ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡವಿತ್ತು, ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಆದರೆ ಪರದೆಯ ಮೇಲಿನ ಬರಹವನ್ನು ಧ್ವನಿಯಾಗಿ ಓದಿ ಹೇಳುವ ಅವರ ಸ್ಕ್ರೀನ್ ರೀಡರ್ ಅದೇ ಪುಟವನ್ನು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ರಾಶಿಯಾಗಿ ಉಚ್ಚರಿಸುತ್ತಿತ್ತು. ತಪ್ಪು ಸ್ಕ್ರೀನ್ ರೀಡರಿನದಾಗಿರಲಿಲ್ಲ. ಪುಟದೊಳಗೆ ಇದ್ದದ್ದನ್ನು ಅದು ಪ್ರಾಮಾಣಿಕವಾಗಿ ಓದುತ್ತಿತ್ತು. ನನ್ನ ಕಣ್ಣಿಗೆ ಕಂಡದ್ದೇ ಬೇರೆ.

ಇದು ಹೇಗೆ ಸಾಧ್ಯವೆಂಬುದನ್ನು 'ಕನ್ನಡ' ಎಂಬ ಪದವನ್ನೇ ತೆಗೆದುಕೊಂಡು ನೋಡಬಹುದು. ಕನ್ನಡ ಟೈಪ್ ಮಾಡಲು ಬಳಸುವ ನುಡಿ ತಂತ್ರಾಂಶದ ಹಳೆಯ ಆಸ್ಕಿ ವಿಧಾನದಲ್ಲಿ, ಅಂದರೆ ಇಂಗ್ಲಿಷ್ ಮೊದಲಾದ ಅಕ್ಷರಗಳ ಸಂಕೇತಗಳನ್ನೇ ಬಳಸಿಕೊಳ್ಳುವ ವಿಧಾನದಲ್ಲಿ, ಈ ಪದವನ್ನು ಟೈಪ್ ಮಾಡಿದರೆ ಕಡತದಲ್ಲಿ ಉಳಿಯುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಆ ಗೆರೆಯ ಎ, ಜರ್ಮನ್ ಭಾಷೆಯ ಒಂದು ವಿಶೇಷ ಅಕ್ಷರ, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಗೆರೆಯ ಎ. ಇಂಗ್ಲಿಷ್ ಪಿ ಇರಬೇಕಾದ ಮನೆಯಲ್ಲಿ ಫಾಂಟ್ ತಯಾರಿಸಿದವರು ಕ ಅಕ್ಷರದ ಒಂದು ತುಂಡನ್ನೂ, ಗೆರೆಯ ಎ ಇರಬೇಕಾದಲ್ಲಿ ತಲೆಕಟ್ಟನ್ನೂ ಚಿತ್ರಿಸಿಟ್ಟಿರುತ್ತಾರೆ. ಹೀಗಾಗಿ ಆ ಫಾಂಟ್ ಇರುವ ತನಕ ಕಣ್ಣಿಗೆ ಕನ್ನಡ, ಫಾಂಟ್ ಕಳಚಿದೊಡನೆ ಯುರೋಪಿನ ಅಕ್ಷರಗಳು. ಕಿವಿಗೆ ಫಾಂಟ್ ಇಲ್ಲ. ಹುಡುಕುಯಂತ್ರಕ್ಕೂ ಇಲ್ಲ, ಅನುವಾದದ ತಂತ್ರಾಂಶಕ್ಕೂ ಇಲ್ಲ.

ಈ ಏರ್ಪಾಟನ್ನು ರೂಪಿಸಿದವರನ್ನು ದೂರುವುದು ಅನ್ಯಾಯ. ಒಂದು ಫಾಂಟಿನಲ್ಲಿ 256ಕ್ಕಿಂತ ಹೆಚ್ಚು ಮನೆಗಳಿರದಿದ್ದ ಕಾಲದಲ್ಲಿ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಅದರೊಳಗೆ ಹೊಂದಿಸಿದ ನುಡಿ ಮತ್ತು ಬರಹ ತಂತ್ರಾಂಶಗಳಿಂದಲೇ ಕನ್ನಡವು ಕಂಪ್ಯೂಟರಿಗೆ ಒಗ್ಗಿತು, ಅಚ್ಚುಮನೆಗಳು ಬದಲಾದವು. ಆದರೆ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಶಿಷ್ಟತೆಯಾದ ಯುನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಜಾಗ ಕೊಟ್ಟಿತ್ತು; 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಯುನಿಕೋಡ್ ಕನ್ನಡ ಫಾಂಟಿನೊಡನೆ ಬಂದಿತು. ಯುನಿಕೋಡಿನಲ್ಲಿ 'ಕನ್ನಡ' ಎಂದರೆ 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು: ಕ, ನ, ಸ್ವರವನ್ನು ತೆಗೆದುಹಾಕುವ ಹಲಂತ ಚಿಹ್ನೆ, ನ, ಡ. ಒತ್ತನ್ನು ಹೇಗೆ ಚಿತ್ರಿಸಬೇಕೆಂಬುದು ಫಾಂಟಿನ ಕೆಲಸವಾಯಿತು, ಪದ ಯಾವುದೆಂಬುದು ಕಡತದಲ್ಲಿಯೇ ನೆಲೆನಿಂತಿತು. ಇಂದು ನುಡಿಯೂ ಬರಹವೂ ಯುನಿಕೋಡಿನಲ್ಲಿ ಬರೆಯುತ್ತವೆ. ಹಾಗಿದ್ದೂ ಹಳೆಯ ವಿಧಾನದಲ್ಲಿ ಟೈಪ್ ಮಾಡಿದ ಕಡತಗಳು ಜಾಲತಾಣಗಳಿಗೆ ಏರುವುದು ನಿಂತಿಲ್ಲ. ಕಾಗದಕ್ಕೆ ಸಹಿ ಮಾಡಿ, ಸ್ಕ್ಯಾನ್ ಮಾಡಿ, ಬರಿಯ ಚಿತ್ರವಾದ ಪಿಡಿಎಫ್ ಆಗಿ ಏರಿಸುವುದು ಇನ್ನೂ ಕೆಟ್ಟದ್ದು. ಅಲ್ಲಿ ಓದಲು ಅಕ್ಷರವೇ ಇರುವುದಿಲ್ಲ.

ಜಾಲದ ಶಿಷ್ಟತೆಗಳೆಲ್ಲವೂ ಒಂದರ್ಥದಲ್ಲಿ ಇದೇ ಒಪ್ಪಂದದ ವಿಸ್ತರಣೆ: ಪುಟದಲ್ಲಿ ಏನು ಕಾಣುತ್ತದೆಯೋ ಅದು ಪುಟದೊಳಗೂ ಇರಬೇಕು. ವೆಬ್ಬಿನ ಜನಕ ಟಿಮ್ ಬರ್ನರ್ಸ್ ಲೀ 1994ರಲ್ಲಿ ಸ್ಥಾಪಿಸಿದ, ಈ ಶಿಷ್ಟತೆಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯು 1999ರಲ್ಲಿ ಸುಗಮ್ಯತೆಯ, ಅಂದರೆ ಅಂಗವೈಕಲ್ಯವುಳ್ಳವರೂ ಪುಟವನ್ನು ಬಳಸುವಂತಿರುವುದರ, ಮಾರ್ಗಸೂಚಿಯನ್ನು ಮೊದಲ ಬಾರಿಗೆ ಪ್ರಕಟಿಸಿತು. 2008ರಲ್ಲಿ ಎರಡನೆಯ ಆವೃತ್ತಿ ಬಂತು, 2023ರ ಅಕ್ಟೋಬರಿನಲ್ಲಿ ಅದರ ಪರಿಷ್ಕೃತ ರೂಪವಾದ 2.2.

ಮಾರ್ಗಸೂಚಿಯ ಬಹುಭಾಗವು ಜಾಲಪುಟ ಕಟ್ಟುವ ಸಂಕೇತಭಾಷೆಯಾದ ಎಚ್‌ಟಿಎಂಎಲ್ ಅನ್ನು ಸರಿಯಾಗಿ ಬಳಸಿದರೆ ತಾನಾಗಿಯೇ ಈಡೇರುತ್ತದೆ ಎಂಬುದು ನನಗೆ ಇದರಲ್ಲಿ ಬಹಳ ಇಷ್ಟವಾಗುವ ಸಂಗತಿ. ಅದರಲ್ಲಿ ಶೀರ್ಷಿಕೆಗೆ ಒಂದು ಟ್ಯಾಗ್, ಅಂದರೆ ಗುರುತು, ಇದೆ, ಬಟನ್‌ಗೆ ಒಂದು, ಪಟ್ಟಿಗೆ ಇನ್ನೊಂದು. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಬಳಸುವವರು ಪುಟವನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತ ಕೂರುವುದಿಲ್ಲ. ಕೀಲಿಮಣೆಯ ಎಚ್ ಕೀಲಿಯನ್ನು ಒತ್ತುತ್ತ ಶೀರ್ಷಿಕೆಯಿಂದ ಶೀರ್ಷಿಕೆಗೆ ಹೋಗುತ್ತಾರೆ, ನಾವು ಪತ್ರಿಕೆಯ ಮೇಲೆ ಕಣ್ಣಾಡಿಸಿದ ಹಾಗೆ. ವಿನ್ಯಾಸಕಾರರು ಶೀರ್ಷಿಕೆಯ ಟ್ಯಾಗ್ ಬಿಟ್ಟು ಅಕ್ಷರವನ್ನು ದಪ್ಪವಾಗಿ, ದೊಡ್ಡದಾಗಿ ಮಾಡಿದ್ದರೆ ಎಚ್ ಒತ್ತಿದವರಿಗೆ ಪುಟದಲ್ಲಿ ಶೀರ್ಷಿಕೆಯೇ ಇಲ್ಲ. ಒಂದು ಖಾಲಿ ಚೌಕಕ್ಕೆ ಬಣ್ಣ ಬಳಿದು ಬಟನ್‌ನಂತೆ ಕಾಣಿಸಿದರೆ ಟ್ಯಾಬ್ ಕೀಲಿಯು ಅದನ್ನು ದಾಟಿಕೊಂಡು ಹೋಗುತ್ತದೆ. ಮೌಸ್ ಹಿಡಿಯಲಾಗದವರಿಗೆ ಆ ಅರ್ಜಿ ಸಲ್ಲಿಕೆಯಾಗುವುದೇ ಇಲ್ಲ. ಅರ್ಜಿಯ ಖಾನೆಗೆ 'ತಂದೆಯ ಹೆಸರು' ಎಂಬ ಲೇಬಲನ್ನು ಕೋಡ್‌ನಲ್ಲಿ ಜೋಡಿಸದೆ ಪಕ್ಕದಲ್ಲಿ ಸುಮ್ಮನೆ ಬರೆದಿದ್ದರೆ ಸ್ಕ್ರೀನ್ ರೀಡರ್ ಆ ಖಾನೆಯಲ್ಲಿ 'ಎಡಿಟ್, ಬ್ಲ್ಯಾಂಕ್' ಎನ್ನುತ್ತದೆ. ಮುಂದಿನ ಖಾನೆಯಲ್ಲಿಯೂ ಅದೇ. ಹದಿನೈದು ಖಾನೆಗಳ ಅರ್ಜಿಯಲ್ಲಿ ಹದಿನೈದು ಬಾರಿ ಅದೇ ಮಾತನ್ನು ಕೇಳುತ್ತ ಕುಳಿತವರ ಪಕ್ಕದಲ್ಲಿ ಒಮ್ಮೆ ಕೂತರೆ ಲೇಬಲ್ ಎಂಬ ಒಂದು ಸಾಲಿನ ಬೆಲೆ ತಿಳಿಯುತ್ತದೆ.

ಕನ್ನಡದ ಪುಟಗಳಿಗೆ ಇನ್ನೊಂದು ಸಣ್ಣ ವಿಷಯವಿದೆ. ಪುಟದ ಆರಂಭದಲ್ಲಿಯೇ ಭಾಷೆ ಯಾವುದೆಂದು ಎರಡಕ್ಷರದ ಸಂಕೇತದಲ್ಲಿ ಹೇಳಬೇಕು, ಕನ್ನಡಕ್ಕೆ 'ಕೆಎನ್'. ಇದನ್ನು ನೋಡಿಯೇ ಸ್ಕ್ರೀನ್ ರೀಡರ್ ತನ್ನ ಕನ್ನಡ ಧ್ವನಿಗೆ ಬದಲಾಗುವುದು. ಸಿದ್ಧ ಮಾದರಿಯೊಂದನ್ನು ತಂದು ತಾಣ ಕಟ್ಟುವಾಗ ಅದರಲ್ಲಿದ್ದ ಇಂಗ್ಲಿಷಿನ 'ಇಎನ್' ಹಾಗೆಯೇ ಉಳಿದುಬಿಟ್ಟರೆ, ಬರಹ ಎಷ್ಟೇ ಶುದ್ಧ ಯುನಿಕೋಡ್ ಆಗಿದ್ದರೂ ಇಂಗ್ಲಿಷ್ ಧ್ವನಿಯು ಕನ್ನಡವನ್ನು ಓದಲು ಹೋಗಿ ತಡವರಿಸುತ್ತದೆ. ಇಂಗ್ಲಿಷಿಗಾಗಿ ಅಳೆದಿಟ್ಟ ಸಾಲಿನ ಎತ್ತರವೂ ಹೀಗೆಯೇ. ಇಂಗ್ಲಿಷ್ ಅಕ್ಷರಕ್ಕೆ ಸಾಲಿನಡಿಯಲ್ಲಿ ಹೆಚ್ಚು ಜಾಗ ಬೇಡ. 'ರಾಷ್ಟ್ರ'ದ ಎರಡು ಒತ್ತುಗಳಿಗೆ ಬೇಕು. ಎತ್ತರವನ್ನು ಬಿಗಿಯಾಗಿ ನಿಗದಿಪಡಿಸಿದ ಬಟನ್‌ಗಳಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗಿರುವುದನ್ನು ಕಣ್ಣಿರುವವರೂ ದಿನವೂ ನೋಡುತ್ತಿದ್ದೇವೆ.

ಕಣ್ಣು ಮಂದವಾದವರ ಮಾತಿಗೆ ಬಂದರೆ, ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಬೆಳಕಿನ ವ್ಯತ್ಯಾಸವನ್ನು ಮಾರ್ಗಸೂಚಿಯು ಕನಿಷ್ಠ 4.5ಕ್ಕೆ 1 ಎಂದು ಅಳೆದಿಟ್ಟಿದೆ. ಬಿಳಿಯ ಮೇಲಿನ ಕಪ್ಪಿಗೆ ಈ ಅನುಪಾತ 21ಕ್ಕೆ 1. ಕನಿಷ್ಠ ಮಿತಿಯನ್ನು ನಿರ್ಧರಿಸುವಾಗ ಗಮನದಲ್ಲಿದ್ದದ್ದು ಸುಮಾರು ಎಂಬತ್ತು ವರ್ಷದವರಿಗೆ ಸಾಮಾನ್ಯವಾಗಿ ಉಳಿಯುವ ದೃಷ್ಟಿ. ಬಿಳಿ ಹಿನ್ನೆಲೆಯ ಮೇಲೆ ತೆಳು ಬೂದು ಅಕ್ಷರಗಳನ್ನಿಡುವ ಈಗಿನ ರೂಢಿಯು ನಮ್ಮ ಮನೆಯ ಹಿರಿಯರನ್ನೇ ಓದಿನಿಂದ ಹೊರಗಿಡುತ್ತಿದೆ.

ಭಾರತದಲ್ಲಿ ಇದು ವಿನ್ಯಾಸಕಾರರ ಇಷ್ಟಕ್ಕೆ ಬಿಟ್ಟ ವಿಷಯವಾಗಿ ಉಳಿದಿಲ್ಲ. ಅಂಗವೈಕಲ್ಯವುಳ್ಳವರ ಹಕ್ಕುಗಳ 2016ರ ಕಾಯ್ದೆಯ 42ನೆಯ ಸೆಕ್ಷನ್ ಮಾಹಿತಿ ತಂತ್ರಜ್ಞಾನದ ಸುಗಮ್ಯತೆಯ ಬಗ್ಗೆಯೇ ಇದೆ. ಆಸಿಡ್ ದಾಳಿಯಲ್ಲಿ ಮುಖ ಮತ್ತು ಕಣ್ಣುಗಳಿಗೆ ತೀವ್ರ ಹಾನಿಯಾಗಿದ್ದ ಪ್ರಜ್ಞಾ ಪ್ರಸೂನ್ ಅವರಿಗೆ ಬ್ಯಾಂಕ್ ಖಾತೆ ತೆರೆಯುವಾಗ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಲು ಹೇಳಲಾಯಿತು. ಅವರಿಗೆ ಅದು ಅಸಾಧ್ಯವಾಗಿತ್ತು. ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ನೀಡಿ, ಡಿಜಿಟಲ್ ಸೇವೆಗಳನ್ನು ಪಡೆಯುವ ಅವಕಾಶವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು.

ತಾಣವೊಂದು ಈ ದಾರಿಯಲ್ಲಿ ಎಲ್ಲಿದೆಯೆಂದು ತಿಳಿಯಲು ತಜ್ಞರೇ ಬೇಕೆಂದಿಲ್ಲ. ಪುಟದ ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿ, ಕನ್ನಡವಾಗಿಯೇ ಬರುತ್ತದೆಯೇ ನೋಡಬೇಕು. ಮೌಸನ್ನು ಬದಿಗಿಟ್ಟು ಟ್ಯಾಬ್ ಕೀಲಿಯೊಂದರಿಂದಲೇ ಅರ್ಜಿಯ ಕೊನೆಯ ಬಟನ್‌ವರೆಗೆ ಹೋಗಲಾಗುತ್ತದೆಯೇ ಎಂದು ಪರೀಕ್ಷಿಸಬೇಕು. ನನ್ನ ಗೆಳೆಯರ ಸುತ್ತೋಲೆಯನ್ನು ಅಂದು ನಾನು ಪರಿವರ್ತಕ ತಂತ್ರಾಂಶಕ್ಕೆ ಹಾಕಿ ಯುನಿಕೋಡಿಗೆ ತಂದು ಕಳಿಸಿದೆ. ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಅರ್ಜಿ ಸಲ್ಲಿಸಲು ಕೊನೆಯ ದಿನಾಂಕ ಹಿಂದಿನ ದಿನವೇ ಮುಗಿದಿತ್ತೆಂದು ಅವರು ಅದನ್ನು ಕೇಳಿದ ಮೇಲೆ ನನಗೆ ತಿಳಿಸಿದರು.