ಕೊನೆಯ ಕಂಬದ ವೋಲ್ಟೇಜ್

ದೇಶದಲ್ಲಿ ವಿದ್ಯುತ್ ಉತ್ಪಾದನೆ ಬೇಕಾದಷ್ಟಿದೆ ಎಂದು ಸರ್ಕಾರದ ಅಂಕಿಅಂಶ ಹೇಳುತ್ತದೆ. ಲೈನಿನ ತುದಿಯಲ್ಲಿರುವ ಮನೆಯಲ್ಲಿ ಮಾತ್ರ ಸಂಜೆಯಾದರೆ ಬಲ್ಬ್ ಕೆಂಪಗೆ ಉರಿಯುತ್ತದೆ, ಫ್ಯಾನ್ ತೆವಳುತ್ತದೆ. ಏಷ್ಯಾ, ಆಫ್ರಿಕಾದ ಹಲವು ಕಡೆ ಈ ಎರಡೂ ಒಟ್ಟಿಗೇ ನಿಜ. ತೊಂದರೆ ಹೆಚ್ಚಾಗಿ ಇರುವುದು ಟ್ರಾನ್ಸ್‌ಫಾರ್ಮರಿನಿಂದ ಮನೆವರೆಗೆ ಬರುವ ತಂತಿಯಲ್ಲಿ.

ಒಂದು ಲೆಕ್ಕ ಹಾಕೋಣ. ನಾಲ್ಕೈದು ಪಂಪ್‌ಸೆಟ್ ಓಡಿಸುವಷ್ಟು, ಅಂದರೆ 20 ಕಿಲೋವ್ಯಾಟ್ ವಿದ್ಯುತ್ತನ್ನು ಒಂದು ಕಿಲೋಮೀಟರ್ ಸಾಗಿಸಬೇಕು. ತಂತಿ ಮಾಮೂಲಿ ಅಲ್ಯೂಮಿನಿಯಂ, ಕಿಲೋಮೀಟರಿಗೆ ಸುಮಾರು ಒಂದು ಓಮ್ ರೋಧ. 400 ವೋಲ್ಟಿನ ಮೂರು ಫೇಸ್ ಲೈನಿನಲ್ಲಿ ಕಳಿಸಿದರೆ ಪ್ರತಿ ತಂತಿಯಲ್ಲೂ 29 ಆಂಪಿಯರ್ ಹರಿಯುತ್ತದೆ. ಎರಡೂವರೆ ಕಿಲೋವ್ಯಾಟ್ ದಾರಿಯಲ್ಲೇ ಶಾಖವಾಗಿ ಹೋಗುತ್ತದೆ. ಅದೇ ತಂತಿ, ಅದೇ ದೂರ, ಆದರೆ 11 ಕಿಲೋವೋಲ್ಟ್ ಅಂದುಕೊಳ್ಳಿ. ಹರಿಯುವುದು ಒಂದು ಆಂಪಿಯರಿಗಿಂತ ಚೂರು ಜಾಸ್ತಿ, ನಷ್ಟ ಬರೀ ಮೂರು ಚಿಲ್ಲರೆ ವ್ಯಾಟ್! ನಷ್ಟ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜ್ ಇಪ್ಪತ್ತೇಳು ಪಟ್ಟು ಹೆಚ್ಚಿದರೆ ನಷ್ಟ ಏಳುನೂರೈವತ್ತು ಪಟ್ಟು ಇಳಿಯುವುದು ಅದಕ್ಕೇ.

ಇಷ್ಟಕ್ಕೇ ಮುಗಿಯುವುದಿಲ್ಲ. 29 ಆಂಪಿಯರ್ ಹರಿದಾಗ ಆ ಒಂದು ಕಿಲೋಮೀಟರಿನಲ್ಲಿ ಸುಮಾರು 29 ವೋಲ್ಟ್ ಕಳೆದುಹೋಗುತ್ತದೆ. ತುದಿಯಲ್ಲಿರುವವನಿಗೆ ಒಂದು ಫೇಸಿನಲ್ಲಿ ಸಿಗಬೇಕಾದ 230 ವೋಲ್ಟ್ 200 ಆಗುತ್ತದೆ. ಇನ್ನಷ್ಟು ಹೊರೆ ಬಿದ್ದು 170ಕ್ಕೆ ಇಳಿದರೆ ಮೋಟಾರಿನ ತಿರುಗಿಸುವ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ನೀರೆತ್ತಲು ಒದ್ದಾಡುವ ಮೋಟಾರ್ ಜಾಸ್ತಿ ಆಂಪಿಯರ್ ಎಳೆಯುತ್ತದೆ, ಬಿಸಿಯಾಗುತ್ತದೆ, ಒಳಗಿನ ತಂತಿಸುರುಳಿ (ವೈಂಡಿಂಗ್) ಸುಟ್ಟುಹೋಗುತ್ತದೆ. ಇದರ ಕಾಟ ತಾಳಲಾರದೆ ಜನ ಸ್ಟೆಬಿಲೈಸರ್ ತರುತ್ತಾರೆ. ಅದು ತನ್ನ ಮನೆಯ ವೋಲ್ಟೇಜ್ ಎತ್ತುವುದಕ್ಕೆ ಲೈನಿನಿಂದ ಇನ್ನಷ್ಟು ಆಂಪಿಯರ್ ಎಳೆಯುತ್ತದೆ. ಪಕ್ಕದ ಮನೆಯ ವೋಲ್ಟೇಜ್ ಮತ್ತಷ್ಟು ಬೀಳುತ್ತದೆ, ಅವರೂ ಒಂದು ಸ್ಟೆಬಿಲೈಸರ್ ತರುತ್ತಾರೆ. ಯಾರನ್ನು ಬೈಯೋದು ಹೇಳಿ.

ಹೀಗಾಗುವುದಕ್ಕೆ ಒಂದು ಹಳೆಯ ಕಾರಣವಿದೆ. ಯುರೋಪಿನ ಪದ್ಧತಿಯಲ್ಲಿ ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್ ಇಟ್ಟು, ಅಲ್ಲಿಂದ ಕಡಿಮೆ ವೋಲ್ಟಿನ ತಂತಿಗಳನ್ನು ನೂರಾರು ಮನೆಗಳಿಗೆ ಎಳೆಯುತ್ತಾರೆ. ಮನೆಗೆ ಮನೆ ತಾಗಿರುವ ಪಟ್ಟಣಕ್ಕೆ ಇದು ಚೆನ್ನ. ವಸಾಹತು ಕಾಲದಲ್ಲಿ ಇದೇ ಪದ್ಧತಿ ಅನೇಕ ದೇಶಗಳಿಗೆ ಬಂತು, ಆಮೇಲೆ ಚದುರಿದ ಹಳ್ಳಿಗಳಿಗೂ ಹಬ್ಬಿತು. ಅಮೆರಿಕದಲ್ಲಿ ಹೈವೋಲ್ಟೇಜ್ ಲೈನನ್ನೇ ಮನೆಗಳ ಹತ್ತಿರಕ್ಕೆ ಒಯ್ದು, ಕೆಲವೇ ಮನೆಗಳಿಗೆ ಒಂದರಂತೆ ಪುಟ್ಟ ಟ್ರಾನ್ಸ್‌ಫಾರ್ಮರ್ ಕೂರಿಸುತ್ತಾರೆ. ಟುನೀಶಿಯಾ 1970ರ ದಶಕದಲ್ಲಿ ಈ ದಾರಿಯನ್ನು ತನಗೆ ಬೇಕಾದಂತೆ ಬದಲಾಯಿಸಿಕೊಂಡಿತು. 30 ಕಿಲೋವೋಲ್ಟಿನ ಮೂರು ಫೇಸ್ ಬೆನ್ನೆಲುಬು, ಅದರಿಂದ ಹಳ್ಳಿಗಳಿಗೆ 17.32 ಕಿಲೋವೋಲ್ಟಿನ ಸಿಂಗಲ್ ಫೇಸ್ ಕವಲು. ತಂತಿ ಉಳಿಯಿತು, ಹಣವೂ ಉಳಿಯಿತು.

ಭಾರತದ ಕೆಲವು ರಾಜ್ಯಗಳಲ್ಲಿ ಪಂಪ್‌ಸೆಟ್‌ಗಳಿಗೆ ಮಾಡುತ್ತಿರುವುದೂ ಇದೇ ತತ್ವ. ನೂರು ಕೆವಿಎ (ಹೊರೆ ಹೊರುವ ಸಾಮರ್ಥ್ಯದ ಅಳತೆ) ಟ್ರಾನ್ಸ್‌ಫಾರ್ಮರ್ ತೆಗೆದು, ಹೊಲದ ಹತ್ತಿರ ಹದಿನೈದು, ಇಪ್ಪತ್ತೈದು ಕೆವಿಎ ಪುಟಾಣಿಗಳನ್ನು ಹಾಕುವುದು. ಕೊಕ್ಕೆ ಹಾಕಿ ಕದಿಯುವವರೂ 11 ಕಿಲೋವೋಲ್ಟ್ ಎಂದರೆ ದೂರ ಸರಿಯುತ್ತಾರೆ. ನಾಲ್ಕೇ ಜನಕ್ಕೆ ಸೇರಿದ ಟ್ರಾನ್ಸ್‌ಫಾರ್ಮರ್ ಆದರೆ ಹೊರಗಿನವರ ಕೊಕ್ಕೆಗೆ ಅವರೇ ಕಾವಲು. ಆದರೆ ಎಲ್ಲ ಕಡೆ ಇದೇ ಮದ್ದು ಎನ್ನುವುದು ತಪ್ಪು. ಟ್ರಾನ್ಸ್‌ಫಾರ್ಮರಿಗೆ ಹೊರೆ ಇರಲಿ ಬಿಡಲಿ, ಅದರ ಕಬ್ಬಿಣದ ತಿರುಳು ಇಪ್ಪತ್ನಾಲ್ಕು ಗಂಟೆಯೂ ಒಂದಿಷ್ಟು ವಿದ್ಯುತ್ ತಿನ್ನುತ್ತಲೇ ಇರುತ್ತದೆ. ಒಂದರ ಜಾಗದಲ್ಲಿ ಆರು ಇಟ್ಟರೆ ಈ ಖರ್ಚು ಏರುತ್ತದೆ. ವರ್ಷಕ್ಕೆ ಕೆಲವೇ ತಿಂಗಳು ಪಂಪ್ ಓಡುವ ಕಡೆ ಉಳಿಸಿದ್ದೆಲ್ಲ ಅಲ್ಲೇ ಹೋಗಬಹುದು. ಅಮಾರ್ಫಸ್ (ಹರಳುಗಟ್ಟದ) ಲೋಹದ ತಿರುಳು ಬಳಸಿದರೆ ಈ ನಷ್ಟ ಬಹಳ ಇಳಿಯುತ್ತದೆ, ಆದರೆ ಅದಕ್ಕೆ ಬೆಲೆ ಜಾಸ್ತಿ.

ದೊಡ್ಡ ಟೆಂಡರ್ ಬೇಡದ ಕೆಲಸಗಳೂ ಇವೆ. ನನಗೆ ಇಷ್ಟವಾದದ್ದು ಫೇಸ್ ಸಮತೋಲನ. ಹೊಸ ಮನೆಗೆ ಸಂಪರ್ಕ ಕೊಡುವಾಗ ಲೈನ್‌ಮನ್ ಕೈಗೆ ಸುಲಭವಾಗಿ ಸಿಕ್ಕ ತಂತಿಗೇ ಕಟ್ಟಿಬಿಡುತ್ತಾನೆ. ಹತ್ತು ವರ್ಷ ಕಳೆದರೆ ಒಂದು ಫೇಸ್ ತುಂಬಿ ತುಳುಕುತ್ತಿರುತ್ತದೆ, ಇನ್ನೊಂದು ಖಾಲಿ. ತುಂಬಿದ ಕಡೆ ಟ್ರಾನ್ಸ್‌ಫಾರ್ಮರಿನ ವೈಂಡಿಂಗ್ ಬಿಸಿಯಾಗುತ್ತದೆ. ಒಳಗಿನ ಕಾಗದದ ಇನ್ಸುಲೇಷನ್ ಒಂದು ಮಿತಿ ದಾಟಿದ ಮೇಲೆ ಪ್ರತಿ 6 ಡಿಗ್ರಿಗೂ ಎರಡು ಪಟ್ಟು ವೇಗದಲ್ಲಿ ಹಾಳಾಗುತ್ತದೆ. ಇದರ ಮೇಲೆ, ಮೂರೂ ಫೇಸಿನ ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ತಂತಿಯ ಜಾಯಿಂಟ್ ಸಡಿಲವಾಗಿ ಕಳಚಿದರೆ ಕಥೆ ಮುಗಿಯಿತು. ಹೊರೆ ಕಡಿಮೆ ಇರುವ ಫೇಸಿನ ಮನೆಗೆ 300 ವೋಲ್ಟಿಗಿಂತ ಹೆಚ್ಚು ನುಗ್ಗಬಹುದು. ಸುಮ್ನೆ ಚಾರ್ಜಿಗೆ ಇಟ್ಟ ಫೋನು, ಟಿವಿ ಹೊಗೆಯಾಡುತ್ತವೆ. ಕ್ಲ್ಯಾಂಪ್ ಮೀಟರ್ ಹಿಡಿದು ಮೂರೂ ಫೇಸ್ ಅಳೆದು, ಕೆಲವು ಮನೆಗಳ ಸಂಪರ್ಕ ಬದಲಿಸಿ, ನ್ಯೂಟ್ರಲ್ ಗಟ್ಟಿ ಮಾಡುವುದು ಒಂದು ದಿನದ ಕೆಲಸ.

ಕೆಪಾಸಿಟರ್ ಕೂಡ ಅಂಥದ್ದೇ. ಪಂಪಿನ ಹತ್ತಿರ ಅದನ್ನು ಕೂರಿಸಿದರೆ ಪವರ್ ಫ್ಯಾಕ್ಟರ್, ಅಂದರೆ ಎಳೆದ ಆಂಪಿಯರಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ಏರುತ್ತದೆ. ಅದು 0.75ರಿಂದ 0.95ಕ್ಕೆ ಏರಿದರೆ ತಂತಿಯ ನಷ್ಟ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ.

ಗುಜರಾತ್ 2003ರಲ್ಲಿ ಶುರುಮಾಡಿದ ಜ್ಯೋತಿಗ್ರಾಮ ಯೋಜನೆ ಬೇರೆಯದೇ ಕಡೆಯಿಂದ ಬಂತು. ಹೊಲಕ್ಕೆ ವಿದ್ಯುತ್ ಒಯ್ಯುವ ಲೈನನ್ನು (ಫೀಡರ್) ಊರಿನ ಲೈನಿನಿಂದ ಬೇರ್ಪಡಿಸಿ, ಊರಿಗೆ ದಿನವಿಡೀ ಮೂರು ಫೇಸ್, ಹೊಲಕ್ಕೆ ಗೊತ್ತಾದ ಹೊತ್ತಿನಲ್ಲಿ ಸುಮಾರು ಎಂಟು ಗಂಟೆ ಕೊಟ್ಟರು. ಎಲ್ಲಿ ಎಷ್ಟು ಹೋಗುತ್ತಿದೆ ಎನ್ನುವುದೂ ಮೊದಲಿಗಿಂತ ಸ್ಪಷ್ಟವಾಗುವುದು ಇಂಥ ವಿಂಗಡಣೆಯಿಂದ.

ನನ್ನನ್ನು ಕೇಳಿದರೆ ಮೊದಲ ಹಣ ಹೋಗಬೇಕಾದದ್ದು ಟ್ರಾನ್ಸ್‌ಫಾರ್ಮರ್ ಕಂಬದ ಮೀಟರಿಗೆ. ಅಲ್ಲಿಂದ ಹೊರಟದ್ದೆಷ್ಟು, ಮನೆಗಳ ಮೀಟರ್‌ಗಳಲ್ಲಿ ಸೇರಿದ್ದೆಷ್ಟು ಎಂದು ಹೋಲಿಸಿ, ತಂತಿಯ ಉದ್ದ ಮತ್ತು ಆಂಪಿಯರಿನಿಂದ ಶಾಖದ ನಷ್ಟ ಕಳೆದರೆ, ಉಳಿದದ್ದು ಕಳ್ಳತನ ಇಲ್ಲವೇ ಕೆಟ್ಟ ಮೀಟರ್. ಶಾಖದ ಪಾಲು ದೊಡ್ಡದಿದ್ದ ಕಡೆ ತಂತಿ ಬದಲಿಸಬೇಕು, ವೋಲ್ಟೇಜ್ ಏರಿಸಬೇಕು. ಕಳ್ಳತನದ ಪಾಲು ದೊಡ್ಡದಿದ್ದ ಕಡೆ ದಪ್ಪ ತಂತಿ ಎಳೆದರೆ ಕೊಕ್ಕೆಗೆ ಇನ್ನೂ ಒಳ್ಳೆಯ ವೋಲ್ಟೇಜ್ ಸಿಗುತ್ತದೆ, ಅಷ್ಟೇ.